ಬಾಗಿದ ಮರಕ್ಕೆ ಕಿವಿ ಹತ್ತರಿ



ಕುರ್ಚಿಯ ಕೈ ಮುಟ್ಟಿ ನೋಡಿದ್ದೀರಾ? ತೊಟ್ಟಿಲಿನ ಅಂಚು? ಕುಡುಗೋಲಿನ ಹಿಡಿ? ಇವು ಯಾವುವೂ ಅಳತೆ ಕೋಲಿನ ಹಾಗೆ ನೇರವಾಗಿಲ್ಲ. ಒಂದು ಕಡೆ ಉಬ್ಬು. ಒಂದು ಕಡೆ ತಗ್ಗು. ಕೈಗೆ ಹಿತವಾಗಿ ಸಿಗುತ್ತವೆ.

ಮರ ಗಟ್ಟಿ ವಸ್ತು. ಅದನ್ನು ಹೀಗೆ ಬಾಗಿದ ಆಕಾರಕ್ಕೆ ತರುವುದು ಹೇಗೆ? ನಯ ಮಾಡುವುದು ಹೇಗೆ? ಈ ಪಾಠದಲ್ಲಿ ಅದನ್ನು ತಿಳಿಯೋಣ.

ನಾವು ಎಂಟು ಜನ ಹೆಂಗಸರು. ಒಂದೇ ಸಂಘದವರು. ಓದು ಬರಹ ಕಲಿತ ಮೇಲೆ ಬಡಗಿ ಕೆಲಸ ಕಲಿತೆವು. "ಹೆಂಗಸರ ಕೈಗೆ ಬಾಚಿ, ಉಳಿ ಯಾಕೆ?" ಅಂತ ಊರಲ್ಲಿ ನಕ್ಕವರಿದ್ದರು. ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ನಾವು ಮಾಡಿದ ಮೊದಲ ಕುರ್ಚಿ ನಮಗೇ ಒಂದು ಪಾಠ ಕಲಿಸಿತು. ಮೊದಲು ಆ ಕತೆ ಕೇಳಿ.

ಸೀರೆ ಸುತ್ತಿದ ಕುರ್ಚಿ

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರಿಗೆ ಮಂಡಿ ನೋವು. ನೆಲದ ಮೇಲೆ ಕೂತರೆ ಏಳಲು ಆಗದು. "ಕೈ ಇರೋ ಕುರ್ಚಿ ಮಾಡಿಕೊಡ್ರವ್ವ. ಕೈ ಊರಿ ಎದ್ದೇಳ್ತೀನಿ" ಅಂದರು. ಅದೇ ನಮ್ಮ ಮೊದಲ ಕುರ್ಚಿ.

ಹಲಸಿನ ಮರ ತಂದೆವು. ಕುರ್ಚಿಯ ಕಾಲು, ಅಡ್ಡಪಟ್ಟಿ ಎಲ್ಲಾ ನೇರ. ಹತ್ತರಿ ಹೊಡೆದು ನಯ ಮಾಡಿದೆವು. ಹತ್ತರಿಗೆ ಕೆಲವು ಕಡೆ ಉಜ್ಜುಗೊರಡು ಅಂತಲೂ ಹೇಳುತ್ತಾರೆ. ಕುರ್ಚಿಯ ಕೈಗಳು ಮಾತ್ರ ಬಾಗಿದ್ದವು. ಅಲ್ಲಿಗೆ ಹತ್ತರಿ ಹೋಗಲಿಲ್ಲ. ಉಳಿಯಿಂದ ಕೆತ್ತಿದೆವು. ಅರದಿಂದ ಉಜ್ಜಿದೆವು. ಮೇಲೆ ಉಪ್ಪುಕಾಗದ ಹಾಕಿ ತಿಕ್ಕಿದೆವು. ಬಣ್ಣ ಬಳಿದೆವು. ನೋಡಲು ಚೆನ್ನಾಗಿಯೇ ಇತ್ತು.

ಒಂದು ತಿಂಗಳ ಮೇಲೆ ಬಾಕಿ ಹಣ ಕೇಳಲು ಹೋದೆವು. ಅಜ್ಜಿ ಕುರ್ಚಿಯಲ್ಲೇ ಕೂತಿದ್ದರು. ಕುರ್ಚಿಯ ಎರಡೂ ಕೈಗಳಿಗೆ ಹಳೇ ಸೀರೆ ಸುತ್ತಿತ್ತು.

"ಇದ್ಯಾಕಜ್ಜಿ ಬಟ್ಟೆ ಸುತ್ತಿದ್ದೀರಿ?" ಅಂತ ಕೇಳಿದೆವು.

"ಏನಿಲ್ಲ ಬಿಡ್ರವ್ವ. ಚಳಿಗೆ ಬೆಚ್ಚಗಿರಲಿ ಅಂತ" ಅಂದರು.

ಸೊಸೆ ಒಳಗಿನಿಂದ ಬಂದು ಬಟ್ಟೆ ಬಿಚ್ಚಿದಳು. ಮರದಲ್ಲಿ ಸಿಬಿರು ಎದ್ದಿತ್ತು. ಕೈ ಊರಿ ಏಳುವಾಗ ಅಜ್ಜಿಯ ಅಂಗೈಗೆ ಚುಚ್ಚಿತ್ತು. ಗಾಯ ಕೀವಾಗಿ ವಾಸಿಯಾಗಲು ಹದಿನೈದು ದಿನ ಹಿಡಿದಿತ್ತು. ನಮಗೆ ಬೇಜಾರಾದೀತು ಅಂತ ಅಜ್ಜಿ ಹೇಳಿರಲಿಲ್ಲ. ಬಾಕಿ ಹಣ ಸೆರಗಿನ ಗಂಟಿನಲ್ಲಿ ಕಟ್ಟಿ ಇಟ್ಟಿದ್ದರು.

ನಾವು ಆ ಹಣ ಮುಟ್ಟಲಿಲ್ಲ. ಕುರ್ಚಿ ಹೊತ್ತು ವಾಪಸ್ ತಂದೆವು. ಪಕ್ಕದ ಊರಿನ ಹಿರಿಯ ಆಚಾರ್ರ ಹತ್ತಿರ ಹೋದೆವು. ಅವರು ಕುರ್ಚಿಯ ಕೈ ಮೇಲೆ ಬೆರಳಾಡಿಸಿದರು. "ನೋಡ್ರಮ್ಮ, ಮರದ ಎಳೆಗೆ ಎದುರಾಗಿ ಕೆತ್ತಿದ್ದೀರಿ. ಉಪ್ಪುಕಾಗದ ಅದನ್ನ ಮುಚ್ಚಿದೆ ಅಷ್ಟೇ. ತಪ್ಪು ಒಳಗೇ ಇದೆ" ಅಂದರು. ಆಮೇಲೆ ಪೆಟ್ಟಿಗೆ ತೆಗೆದು ಒಂದು ಸಣ್ಣ ಉಪಕರಣ ತೋರಿಸಿದರು. ಅದರ ಹೆಸರು ಸ್ಪೋಕ್‌ಶೇವ್.

ಸ್ಪೋಕ್‌ಶೇವ್ ಅಂದರೇನು?

ಸ್ಪೋಕ್ ಅಂದರೆ ಗಾಲಿಯ ಅರೆಕಾಲು. ಎತ್ತಿನ ಗಾಡಿಯ ಗಾಲಿ ನೆನಪು ಮಾಡಿಕೊಳ್ಳಿ. ನಡುವೆ ಗುಂಬ ಇರುತ್ತದೆ. ಗುಂಬದಿಂದ ಸುತ್ತಿನ ಬಳೆಗೆ ಹೋಗುವ ಮರದ ಕಡ್ಡಿಗಳೇ ಅರೆಕಾಲು. ಶೇವ್ ಅಂದರೆ ಹೆರೆಯುವುದು. ಗಡ್ಡ ಹೆರೆಯುವುದಕ್ಕೂ ಅದೇ ಮಾತು ಅಲ್ಲವೇ? ಅರೆಕಾಲನ್ನು ಹೆರೆಯುವ ಸಾಧನ ಅಂತ ಇದಕ್ಕೆ ಈ ಹೆಸರು ಬಂತು.

ಇಂಗ್ಲೆಂಡಿನಲ್ಲಿ ಗಾಲಿ ಮಾಡುವವರು, ಕುರ್ಚಿ ಮಾಡುವವರು ಇದನ್ನು ಬಹಳ ಬಳಸುತ್ತಿದ್ದರು. ಅಲ್ಲಿ ಹೈ ವಿಕಮ್ ಅಂತ ಒಂದು ಊರು. ಕುರ್ಚಿಗೆ ಹೆಸರಾದ ಊರು. ಅಲ್ಲಿ ಗಂಡಸರು ಮರದ ಕೆಲಸ ಮಾಡುತ್ತಿದ್ದರು. ಹೆಂಗಸರು ಮನೆಯಲ್ಲಿ ಕೂತು ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದರು. ಕುರ್ಚಿಯಲ್ಲಿ ಹೆಂಗಸರ ದುಡಿಮೆಯೂ ಇತ್ತು. ಹೆಸರು ಮಾತ್ರ ಗಂಡಸರಿಗೆ ಬಂತು.

ಮೊದಲು ಈ ಉಪಕರಣವನ್ನು ಮರದಲ್ಲೇ ಮಾಡುತ್ತಿದ್ದರು. ಅಲುಗು ಮಾತ್ರ ಉಕ್ಕು. ಈಗ ಕಬ್ಬಿಣದ್ದೇ ಹೆಚ್ಚು. ಉದ್ದ ಸುಮಾರು 10 ಅಂಗುಲ. ಅಂದರೆ 25 ಸೆಂಟಿಮೀಟರ್. ನಡುವೆ ಸುಮಾರು 2 ಅಂಗುಲ ಅಗಲದ ಅಲುಗು. ಎಡಕ್ಕೊಂದು, ಬಲಕ್ಕೊಂದು ಹಿಡಿ. ನೋಡಲು ಎರಡು ಕಿವಿ ಇದ್ದ ಹಾಗೆ. ಅದಕ್ಕೇ ನಾವು ಇದನ್ನು "ಕಿವಿ ಹತ್ತರಿ" ಅಂತ ಕರೆಯುತ್ತೇವೆ. ಪಾಠದಲ್ಲೂ ಹಾಗೇ ಕರೆಯೋಣ.

ದೊಡ್ಡ ಹತ್ತರಿ ಯಾಕೆ ಆಗದು?

ಒಂದು ಬಾಣಲೆ ತನ್ನಿ. ಅದರ ಬಾಯಿಗೆ ಅಡ್ಡವಾಗಿ ಅಳತೆ ಕೋಲು ಇಡಿ. ಕೋಲು ಎರಡು ಅಂಚಿಗೆ ಮಾತ್ರ ತಾಗುತ್ತದೆ. ತಳಕ್ಕೆ ತಾಗುವುದಿಲ್ಲ. ಹತ್ತರಿಯ ಕತೆಯೂ ಇದೇ. ಅದರ ತಳ ಉದ್ದ. ತಗ್ಗಿನ ಮೇಲೆ ಇಟ್ಟರೆ ಎರಡು ತುದಿಯಲ್ಲಿ ಕೂರುತ್ತದೆ. ನಡುವಿನ ಅಲುಗು ಮರಕ್ಕೆ ಸಿಗುವುದೇ ಇಲ್ಲ.

ಕಿವಿ ಹತ್ತರಿಯ ತಳ ಬಹಳ ಚಿಕ್ಕದು. ಸುಮಾರು ಒಂದು ಅಂಗುಲ. ಅದಕ್ಕೇ ಬಾಗಿದ ಕಡೆ ಒಳಗೂ ಹೋಗುತ್ತದೆ, ಹೊರಗೂ ಹೋಗುತ್ತದೆ.

ಇದರಲ್ಲಿ ಎರಡು ಬಗೆ ಮುಖ್ಯ.

ಚಪ್ಪಟೆ ತಳದ್ದು: ಉಬ್ಬಿದ ಕಡೆಗೆ ಇದು ಬೇಕು. ನೇರವಾದ ಕಡೆಗೂ ಆಗುತ್ತದೆ.

ದುಂಡು ತಳದ್ದು: ತಗ್ಗಿದ ಕಡೆಗೆ ಇದು ಬೇಕು.

ಕುರ್ಚಿಯ ಕೈಗೆ ಎರಡೂ ಬೇಕು. ಹೊರಗಿನ ಅಂಚು ಉಬ್ಬು. ಒಳಗಿನ ಅಂಚು ತಗ್ಗು. ಒಂದೇ ಕೊಳ್ಳಲು ಹಣ ಇದ್ದರೆ ಮೊದಲು ಚಪ್ಪಟೆ ತಳದ್ದು ಕೊಳ್ಳಿ. ಅದನ್ನು ಕಲಿಯುವುದು ಸುಲಭ.

ಚನ್ನಪಟ್ಟಣದ ಗೊಂಬೆ ನಿಮಗೆ ಗೊತ್ತು. ಅದು ಎಷ್ಟು ನಯ! ಅದನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿ ಹಿಡಿಯುತ್ತಾರೆ. ಮರ ತಿರುಗಿದಂತೆ ದುಂಡಾಗುತ್ತದೆ. ಆದರೆ ಕುರ್ಚಿಯ ಕೈ ಬಿಲ್ಲಿನ ಹಾಗೆ ಬಾಗಿರುತ್ತದೆ. ಅದನ್ನು ಆ ಯಂತ್ರದಲ್ಲಿ ತಿರುಗಿಸಲು ಬರುವುದಿಲ್ಲ. ಅಲ್ಲಿ ಕೈ ಕೆಲಸವೇ ಆಗಬೇಕು.

ಮರದ ಎಳೆ ನೋಡಿ

ಈ ಪಾಠದಲ್ಲಿ ಮುಖ್ಯವಾದ ಮಾತು ಇದು. ಗಮನ ಇಟ್ಟು ಓದಿ.

ಮರದಲ್ಲಿ ಎಳೆಗಳಿವೆ. ಒಣ ತೆಂಗಿನ ಗರಿಯ ದಿಂಡು ಸೀಳಿದರೆ ನಾರು ಕಾಣುತ್ತದಲ್ಲ, ಹಾಗೇ. ಎಳೆಗಳು ಬುಡದಿಂದ ತುದಿಗೆ ಉದ್ದಕ್ಕೂ ಹೋಗುತ್ತವೆ. ಬೆಕ್ಕಿನ ಮೈ ತಲೆಯಿಂದ ಬಾಲಕ್ಕೆ ಸವರಿದರೆ ಕೂದಲು ಮಲಗುತ್ತದೆ. ಬಾಲದಿಂದ ತಲೆಗೆ ಸವರಿದರೆ ಏಳುತ್ತದೆ. ಮರದ ಎಳೆಯೂ ಹಾಗೇ. ಎಳೆ ಮಲಗುವ ಕಡೆಗೆ ಹೆರೆದರೆ ನಯ. ಏಳುವ ಕಡೆಗೆ ಹೆರೆದರೆ ಸಿಬಿರು. ಅಜ್ಜಿಯ ಕೈಗೆ ಚುಚ್ಚಿದ್ದು ಆ ಸಿಬಿರೇ.

ಬಾಗಿದ ಮರದಲ್ಲಿ ಒಂದೇ ದಿಕ್ಕಿಗೆ ಹೆರೆದರೆ ಆಗದು. ಅರ್ಧ ದಾರಿಯಲ್ಲಿ ದಿಕ್ಕು ಬದಲಾಗುತ್ತದೆ. ಹಾಗಾದರೆ ಗುರುತು ಏನು? ಆಚಾರ್ರು ಹೇಳಿದ್ದು ಇಷ್ಟೇ: "ಇಳಿಜಾರಲ್ಲಿ ಹೆರೀರಿ. ಏರು ಬಂದ್ರೆ ನಿಲ್ಲಿ."

ಉಬ್ಬು ಇದ್ದರೆ: ದಿಬ್ಬದ ನೆತ್ತಿಯಿಂದ ಶುರು ಮಾಡಿ. ಒಂದು ಸಲ ಎಡಕ್ಕೆ ಇಳಿಯಿರಿ. ಒಂದು ಸಲ ಬಲಕ್ಕೆ ಇಳಿಯಿರಿ.

ತಗ್ಗು ಇದ್ದರೆ: ಎಡ ದಡದಿಂದ ತಳಕ್ಕೆ ಇಳಿಯಿರಿ. ಅಲ್ಲಿ ನಿಲ್ಲಿ. ಬಲ ದಡದಿಂದ ತಳಕ್ಕೆ ಇಳಿಯಿರಿ. ಅಲ್ಲಿ ನಿಲ್ಲಿ. ತಳ ದಾಟಿ ಆಚೆ ದಡ ಏರಬೇಡಿ.

ಮರದಲ್ಲಿ ಗಂಟು ಇದ್ದರೆ ಎಳೆ ಅತ್ತಿತ್ತ ತಿರುಗಿರುತ್ತದೆ. ಅಲ್ಲಿ ಕೈಯೇ ಹೇಳುತ್ತದೆ. ಅಲುಗು ಕಿತ್ತ ಹಾಗೆ ಆದರೆ ಕೂಡಲೇ ನಿಲ್ಲಿಸಿ. ಎದುರು ದಿಕ್ಕಿನಿಂದ ಹೆರೆದು ನೋಡಿ. ಗಂಟಿರುವ ಮರವನ್ನು ಕುರ್ಚಿಯ ಕೈಗೆ ತೆಗೆದುಕೊಳ್ಳದೇ ಇರುವುದು ಇನ್ನೂ ಮೇಲು.

ಇನ್ನೊಂದು ಎಚ್ಚರ. ಹಲಗೆಯಿಂದ ಕೊಯ್ದು ಬಾಗಿಸುವಾಗ ಬಾಗು ಅತಿಯಾಗಬಾರದು. ಬಾಗು ಹೆಚ್ಚಾದ ಕಡೆ ಎಳೆಗಳು ಅಡ್ಡಕ್ಕೆ ತುಂಡಾಗುತ್ತವೆ. ಭಾರ ಬಿದ್ದಾಗ ಮರ ಅಲ್ಲೇ ಮುರಿಯುತ್ತದೆ. ಕುರ್ಚಿಯ ಕೈ ಊರಿ ಏಳುವವರು ಬಿದ್ದರೆ ಗತಿ ಏನು? ಆದ್ದರಿಂದ ಬಾಗು ಮೆಲ್ಲಗಿರಲಿ. ಎಳೆ ಕೈಯ ಉದ್ದಕ್ಕೇ ಇರಲಿ.

ಕುರ್ಚಿಯ ಕೈ ಮಾಡುವ ಕ್ರಮ

1. ರಟ್ಟಿನ ಮೇಲೆ ಕೈಯ ಆಕಾರ ಬರೆಯಿರಿ. ಕತ್ತರಿಸಿ. ಇದೇ ಅಚ್ಚು. ರವಿಕೆಗೆ ಕಾಗದದ ಅಚ್ಚು ಇಡುವ ಹಾಗೆ ಇದನ್ನು ಮರದ ಮೇಲೆ ಇಡಿ. ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಹಲಗೆ ತಿರುಗಿಸಿ ಅಡಿಯಲ್ಲೂ ಎಳೆಯಿರಿ. ಎರಡು ಕಡೆಯ ಗೆರೆ ಒಂದಕ್ಕೊಂದು ಸರಿ ಕೂರಬೇಕು. ಎಡಗೈ, ಬಲಗೈ ಎರಡಕ್ಕೂ ಒಂದೇ ಅಚ್ಚು ಬಳಸಿ. ಆಗ ಎರಡೂ ಒಂದೇ ಸಮ ಬರುತ್ತವೆ.

2. ಗರಗಸದಿಂದ ಗೆರೆಯ ಆಚೆ ಕೊಯ್ಯಿರಿ. ಗೆರೆಯಿಂದ 2 ಮಿಲಿಮೀಟರ್ ಬಿಡಿ. ತಗ್ಗಿನ ಕಡೆ ಗರಗಸದಿಂದ ಸಾಲಾಗಿ ಅಡ್ಡ ಗೀಟು ಹಾಕಿ. ಗೀಟು ಗೆರೆಯ ಹತ್ತಿರಕ್ಕೆ ಬರಬೇಕು, ಗೆರೆ ದಾಟಬಾರದು. ನಡುವಿನ ಮರವನ್ನು ಉಳಿಯಿಂದ ಎಬ್ಬಿಸಿ ತೆಗೆಯಿರಿ.

3. ಮರವನ್ನು ವೈಸಿಗೆ ಬಿಗಿಯಿರಿ. ಈ ಕೆಲಸಕ್ಕೆ ಎರಡೂ ಕೈ ಉಪಕರಣದ ಮೇಲೇ ಇರಬೇಕು. ಆದ್ದರಿಂದ ಮರ ತಾನೇ ನಿಲ್ಲಬೇಕು. ನೆಲದ ಮೇಲೆ ಕೂತು ಪಾದದಲ್ಲಿ ಮರ ಒತ್ತಿ ಹಿಡಿಯುವ ರೂಢಿ ನಮ್ಮ ಕಡೆ ಇದೆ. ಈ ಕೆಲಸಕ್ಕೆ ಅದು ಬೇಡ. ಅಲುಗು ಜಾರಿದರೆ ಕಾಲಿಗೇ ಬರುತ್ತದೆ.

4. ಎರಡು ಹಿಡಿಯನ್ನೂ ಹಗುರವಾಗಿ ಹಿಡಿಯಿರಿ. ಹೆಬ್ಬೆರಳು ಹಿಂದೆ, ಅಲುಗಿನ ಹತ್ತಿರ. ತೋರುಬೆರಳು ಮುಂದೆ. ದೂಡಿದರೂ ಸರಿ, ತನ್ನ ಕಡೆ ಎಳೆದರೂ ಸರಿ. ಎಳೆ ಯಾವ ಕಡೆ ಕೇಳುತ್ತದೋ ಆ ಕಡೆ. ಎಳೆಯುವಾಗ ಮೈ ಒಂದು ಪಕ್ಕಕ್ಕೆ ಇರಲಿ.

5. ಮೊದಲು ಅಲುಗು ಬಹಳ ಸ್ವಲ್ಪ ಹೊರಗಿರಲಿ. ಬೇರೆ ಮರದ ಚೂರಿನ ಮೇಲೆ ಹೆರೆದು ನೋಡಿ. ಏನೂ ಬರದಿದ್ದರೆ ಒಂದು ಕೂದಲೆಳೆಯಷ್ಟು ಹೊರಗೆ ತನ್ನಿ. ಈರುಳ್ಳಿ ಸಿಪ್ಪೆಯ ಹಾಗೆ ತೆಳು ಸಿಪ್ಪೆ ಬಂದರೆ ಸರಿ.

6. ಗೆರೆ ಮುಟ್ಟುವ ತನಕ ಹೆರೆಯಿರಿ. ಆಗಾಗ ನಿಲ್ಲಿಸಿ. ಕಣ್ಣು ಮುಚ್ಚಿ. ಮರದ ಮೇಲೆ ಅಂಗೈ ಸವರಿ. ಕಣ್ಣಿಗೆ ಕಾಣದ ಉಬ್ಬು ಕೈಗೆ ತಿಳಿಯುತ್ತದೆ. ಅಕ್ಕಿ ಆರಿಸಿದ ಕೈ, ರೊಟ್ಟಿ ತಟ್ಟಿದ ಕೈ ನಮ್ಮದು. ಈ ಕೆಲಸ ನಮಗೆ ಹೊಸದಲ್ಲ.

ಚೌಕವನ್ನು ದುಂಡು ಮಾಡುವ ಲೆಕ್ಕ

ಕುರ್ಚಿಯ ಬೆನ್ನಿಗೆ ಕೋಲು ಬೇಕು. ಚೌಕದ ಮರವನ್ನು ದುಂಡು ಮಾಡಬೇಕು. ಕಣ್ಣಂದಾಜಿಗೆ ಹೆರೆದರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗುತ್ತದೆ. ಲೆಕ್ಕ ಇಟ್ಟು ಮಾಡಿದರೆ ತಪ್ಪುವುದಿಲ್ಲ.

ಮರ 24 ಮಿಲಿಮೀಟರ್ ಚೌಕ ಇದೆ ಅನ್ನಿ. ಪ್ರತಿ ಮುಖದ ಮೇಲೆ ಮೂರು ಭಾಗ ಮಾಡಿ. ಅಂಚಿನಿಂದ 7. ನಡುವೆ 10. ಮತ್ತೆ 7. ಕೂಡಿ ನೋಡಿ: 7 + 10 + 7 = 24. ಸರಿಯಾಯಿತು.

ನಾಲ್ಕು ಮುಖದ ಮೇಲೂ ಹೀಗೆ ಎರಡೆರಡು ಗೆರೆ ಎಳೆಯಿರಿ. ಒಂದೊಂದು ಮೂಲೆಯನ್ನೂ ಗೆರೆಯಿಂದ ಗೆರೆಗೆ ಹೆರೆಯಿರಿ. ಆಗ 4 ಮುಖ ಹೋಗಿ 8 ಮುಖ ಆಗುತ್ತದೆ. ಎಂಟೂ ಹೆಚ್ಚುಕಡಿಮೆ ಒಂದೇ ಅಗಲ ಇರುತ್ತವೆ. ಆ 8 ಮೂಲೆಗಳನ್ನು ತೆಳುವಾಗಿ ಹೆರೆದರೆ 16 ಮುಖ. ಆಮೇಲೆ ಅಂಗೈಗೆ ದುಂಡಾಗಿಯೇ ಸಿಗುತ್ತದೆ. ಉಳಿದದ್ದಕ್ಕೆ ಉಪ್ಪುಕಾಗದ ಸಾಕು.

ಗುದ್ದಲಿ ಕಾವು, ಕುಡುಗೋಲು ಹಿಡಿಗೂ ಇದೇ ಲೆಕ್ಕ. ಸಂತೆಯಲ್ಲಿ ಸಿಗುವ ಕಾವು ಎಷ್ಟೋ ಸಲ ನಮ್ಮ ಕೈಗೆ ದಪ್ಪ. ಹಿಡಿದು ಹಿಡಿದು ಬೊಬ್ಬೆ ಬರುತ್ತದೆ. ಕಿವಿ ಹತ್ತರಿ ಇದ್ದರೆ ನಮ್ಮ ಕೈ ಅಳತೆಗೆ ನಾವೇ ಹೆರೆದುಕೊಳ್ಳಬಹುದು.

ಅಲುಗು ಹರಿತ ಇರಲಿ

ಕುಡುಗೋಲು ಮಸೆಯುವುದು ನಮಗೆ ಗೊತ್ತು. ಮೊಂಡು ಕುಡುಗೋಲು ಪೈರು ಕೊಯ್ಯುವುದಿಲ್ಲ, ಎಳೆದು ಕೀಳುತ್ತದೆ. ಮೊಂಡು ಅಲುಗೂ ಹಾಗೇ.

ಅಲುಗು ಬಿಚ್ಚಿ. ಅದು ಗಿಡ್ಡ. ಬೆರಳಲ್ಲಿ ಹಿಡಿದರೆ ಜಾರುತ್ತದೆ. ಒಂದು ಮರದ ತುಂಡಿಗೆ ಗರಗಸದಿಂದ ಸೀಳು ಹಾಕಿ. ಅಲುಗನ್ನು ಅದರಲ್ಲಿ ಸಿಕ್ಕಿಸಿ. ಈಗ ಹಿಡಿಯಲು ಹಿಡಿ ಆಯಿತು. ಓರೆ ಮುಖವನ್ನು ಸಾಣೆಕಲ್ಲಿನ ಮೇಲೆ ಇಡಿ. ಓರೆ ಸುಮಾರು 25 ಡಿಗ್ರಿ ಇರಬೇಕು. ಅಂದರೆ ಮೂಲೆಮಟ್ಟದ ಮೂಲೆಯಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಇದ್ದ ಓರೆ ಕೆಡಿಸದೆ ಮಸೆಯಿರಿ. ಅಂಚಿನ ಹಿಂದೆ ಸಣ್ಣ ತರಿ ಏಳುತ್ತದೆ. ಆಗ ಚಪ್ಪಟೆ ಮುಖವನ್ನು ಕಲ್ಲಿನ ಮೇಲೆ ಮಲಗಿಸಿ ಒಂದೆರಡು ಸಲ ಎಳೆಯಿರಿ. ತರಿ ಹೋಗುತ್ತದೆ.

ಹರಿತ ನೋಡಲು ಬೆರಳು ಇಡಬೇಡಿ. ಕಾಗದ ಕೊಯ್ದು ನೋಡಿ. ಕಬ್ಬಿಣದ ಕಿವಿ ಹತ್ತರಿಗೆ ಅಲುಗು ಮತ್ತೆ ಹಾಕುವಾಗ ಓರೆ ಮುಖ ಕೆಳಗೆ ಬರಬೇಕು. ಸ್ಕ್ರೂ ಬಿಗಿಯಾಗಿರಬೇಕು.

ತೊಂದರೆ ಬಂದರೆ ಏನು ಮಾಡಬೇಕು?

ಮರದ ಮೇಲೆ ಅಲೆ ಅಲೆಯಾಗಿ ಗೀಟು ಬಂದರೆ: ಅಲುಗು ಅದುರುತ್ತಿದೆ. ಮೊಂಡಾಗಿರಬಹುದು. ಸಡಿಲವಾಗಿರಬಹುದು. ಹೆಚ್ಚು ಹೊರಗೆ ಬಂದಿರಬಹುದು. ಮಸೆಯಿರಿ, ಬಿಗಿಯಿರಿ, ಒಳಗೆ ತನ್ನಿ. ಉಪಕರಣವನ್ನು ಸ್ವಲ್ಪ ಓರೆಯಾಗಿ ಹಿಡಿದು ಹೆರೆಯಿರಿ.

ಸಿಬಿರು ಎದ್ದರೆ: ದಿಕ್ಕು ತಪ್ಪಿದೆ. ತಿರುಗಿಸಿ.

ಸಿಪ್ಪೆ ಬಾಯಲ್ಲಿ ಸಿಕ್ಕಿಕೊಂಡರೆ: ಬೆರಳು ಹಾಕಬೇಡಿ. ಸಣ್ಣ ಕಡ್ಡಿಯಿಂದ ತೆಗೆಯಿರಿ.

ಸೆರಗು ಸೊಂಟಕ್ಕೆ ಬಿಗಿದು ಸಿಕ್ಕಿಸಿ. ಮಕ್ಕಳು ಹತ್ತಿರ ಇರದಂತೆ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಉಪಕರಣ ಒರೆಸಿ, ಎಣ್ಣೆ ಸವರಿ, ಎತ್ತರದಲ್ಲಿ ಇಡಿ.

ಕಿವಿ ಹತ್ತರಿಯಿಂದ ಇನ್ನೊಂದು ಲಾಭ ಇದೆ. ಉಪ್ಪುಕಾಗದ ತಿಕ್ಕಿದರೆ ದೂಳು ಏಳುತ್ತದೆ. ಮರದ ದೂಳು ಉಸಿರಿಗೆ ಕೆಟ್ಟದ್ದು. ಹೆರೆದರೆ ಬರುವುದು ಸಿಪ್ಪೆ. ಅದು ನೆಲಕ್ಕೆ ಬೀಳುತ್ತದೆ. ಗುಡಿಸಿ ಇಟ್ಟರೆ ಒಲೆ ಹಚ್ಚಲು ಆಗುತ್ತದೆ.

ಕಲಿಯಲು ದಾರಿ

ಬಡಗಿ ಕೆಲಸಕ್ಕೆ ಐ.ಟಿ.ಐ.ಗಳಲ್ಲಿ ತರಬೇತಿ ಇದೆ. ಹೆಣ್ಣುಮಕ್ಕಳೂ ಸೇರಬಹುದು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆ ಶುರು ಮಾಡಿತು. ಅದರಲ್ಲಿ 18 ಕಸುಬುಗಳಿವೆ. ಬಡಗಿ ಕೆಲಸವೂ ಒಂದು. ಕೈಯಿಂದ ಸ್ವಂತ ಕಸುಬು ಮಾಡುವವರಿಗೆ ಇದು. 18 ವರ್ಷ ತುಂಬಿರಬೇಕು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ ಇಟ್ಟಿದ್ದಾರೆ. ಉಪಕರಣಕ್ಕೆ 15,000 ರೂಪಾಯಿ ತನಕ ನೆರವು ಇಟ್ಟಿದ್ದಾರೆ. ಅರ್ಜಿ ಹಾಕುವ ಮೊದಲು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ. ಅರ್ಜಿಯನ್ನು ನೀವೇ ಓದಿ. ಓದಿ ತಿಳಿದ ಮೇಲೆ ಸಹಿ ಹಾಕಿ.

ಬಟ್ಟೆ ಬಿಚ್ಚಿದ ದಿನ

ನಾವು ಅಜ್ಜಿಯ ಕುರ್ಚಿಗೆ ಹೊಸ ಕೈ ಮಾಡಿದೆವು. ಹಳೆಯ ಕೈ ಮಾಡಲು ಒಂದು ದಿನ ಹಿಡಿದಿತ್ತು. ಹೊಸದಕ್ಕೆ ನಾಲ್ಕು ದಿನ ಹಿಡಿಯಿತು. ಮೊದಲ ಜೋಡಿ ಕೆಟ್ಟಿತು. ತಳ ದಾಟಿ ಏರಿಗೆ ಹೆರೆದಿದ್ದೆವು. ಎರಡನೇ ಜೋಡಿ ಸರಿ ಬಂತು. ಎಂಟು ಜನವೂ ಕಣ್ಣು ಮುಚ್ಚಿ ಅಂಗೈ ಸವರಿ ನೋಡಿದೆವು. ಯಾರ ಕೈಗೂ ಏನೂ ಸಿಗಲಿಲ್ಲ.

ಕುರ್ಚಿ ಹೊತ್ತು ಅಜ್ಜಿಯ ಮನೆಗೆ ಹೋದೆವು. ಅಜ್ಜಿ ಮತ್ತೆ ಹಳೇ ಸೀರೆ ತಂದರು. ಸುತ್ತಲು ಹೊರಟರು. "ಅಜ್ಜೀ, ಮೊದಲು ಮುಟ್ಟಿ ನೋಡಿ" ಅಂದೆವು. ಅವರು ಮುಟ್ಟಿದರು. ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸವರಿದರು. ಕೈ ಊರಿ ಎದ್ದರು. ಮತ್ತೆ ಕೂತರು. ಮತ್ತೆ ಎದ್ದರು.

ಆಮೇಲೆ ಸೀರೆಯನ್ನು ಮಡಿಸಿ ಸೊಸೆಯ ಕೈಗೆ ಕೊಟ್ಟರು. "ಇದು ಕೌದಿಗೆ ಆಯ್ತು ಕಣವ್ವ" ಅಂದರು. ಸೆರಗಿನ ಗಂಟು ಬಿಚ್ಚಿ ಬಾಕಿ ಹಣ ಎಣಿಸಿ ಕೊಟ್ಟರು. ಈ ಸಲ ನಾವು ತೆಗೆದುಕೊಂಡೆವು. ಪುಸ್ತಕದಲ್ಲಿ ಬರೆದುಕೊಂಡೆವು.

ಹೊಸ ಪದಗಳು

ಅಲುಗು: ಉಪಕರಣದ ಹರಿತವಾದ ಭಾಗ
ಸಿಬಿರು: ಮರದಿಂದ ಏಳುವ ಮುಳ್ಳಿನಂಥ ಚೂರು
ಎಳೆ: ಮರದ ಉದ್ದಕ್ಕೂ ಇರುವ ನಾರು
ಅಚ್ಚು: ಆಕಾರ ಗುರುತು ಮಾಡಲು ಇಡುವ ಮಾದರಿ
ಓರೆ: ಒಂದು ಕಡೆಗೆ ವಾಲಿದ್ದು

ಉತ್ತರ ಬರೆಯಿರಿ

1. ಅಜ್ಜಿ ಕುರ್ಚಿಯ ಕೈಗೆ ಸೀರೆ ಸುತ್ತಿದ್ದು ಯಾಕೆ?
2. ತಗ್ಗಿನ ಕಡೆಗೆ ಯಾವ ತಳದ ಕಿವಿ ಹತ್ತರಿ ಬೇಕು?
3. ಉಬ್ಬಿನ ಮೇಲೆ ಎಲ್ಲಿಂದ ಹೆರೆಯಲು ಶುರು ಮಾಡಬೇಕು?
4. ಮರದ ಮೇಲೆ ಅಲೆ ಅಲೆಯಾಗಿ ಗೀಟು ಬಂದರೆ ಮೂರು ಕಾರಣ ಯಾವುವು?

ಲೆಕ್ಕ ಮಾಡಿ

24 ಮಿಲಿಮೀಟರ್ ಚೌಕಕ್ಕೆ 7, 10, 7. ಹಾಗಾದರೆ 48 ಮಿಲಿಮೀಟರ್ ಚೌಕಕ್ಕೆ ಎಷ್ಟೆಷ್ಟು? ಕೂಡಿ ಸರಿ ನೋಡಿ.

ಮಾತಾಡೋಣ

ನಿಮ್ಮ ಮನೆಯಲ್ಲಿ ಕೈಗೆ ಒತ್ತುವ, ಚುಚ್ಚುವ ಸಾಮಾನು ಯಾವುದಿದೆ? ಅದಕ್ಕೆ ಬಟ್ಟೆ ಸುತ್ತಿಕೊಂಡು ಸುಮ್ಮನಿದ್ದೀರಾ? ಅದನ್ನು ಸರಿ ಮಾಡುವುದು ಹೇಗೆ? ಇಂದು ತರಗತಿಯಲ್ಲಿ ಎಲ್ಲರೂ ಹೇಳಿ.